ಉಡಿಯಕ್ಕಿಯೊಳಗಿನ ಚಾವಿ

ಹೊಸಪೇಟೆ
ಮೇ ತಿಂಗಳ ಕೊನೆಯ ಸೋಮವಾರ, ೨೦೦೬

ಹಾಲೇಶ್,

ಮನೆಯವರ ಮುಂದೆ ನಿನ್ನನ್ನು ‘ರೀ’ ಎನ್ನುತ್ತೇನೆ, ಕಾಗದದಲ್ಲಿ ಹೆಸರು ಹಿಡಿದು ಕರೆಯುತ್ತೇನೆ. ಮದುವೆಗೆ ಮುಂಚೆಯೇ ಕಾಲೇಜಿನ ಕ್ಯಾಂಟೀನಿನಲ್ಲಿ ಕೂತು ನಾವಿಬ್ಬರೂ ಮಾಡಿಕೊಂಡ ಒಪ್ಪಂದ ಅದು. ಇವತ್ತು ಆ ಸಲಿಗೆ ನನಗೆ ಪೂರ್ತಿ ಬೇಕು. ಯಾಕೆಂದರೆ ನಾನು ಜಗಳ ಆಡಲು ಕೂತಿದ್ದೇನೆ. ಫೋನಿನಲ್ಲಿ ನಿನ್ನ ಜೊತೆ ಜಗಳ ಆಗುವುದಿಲ್ಲ. ಇಲ್ಲಿ ಅತ್ತೆ ಪಡಸಾಲೆಯಲ್ಲಿ ಕಿವಿ ಕೊಟ್ಟಿರುತ್ತಾರೆ, ಅಲ್ಲಿ ನೀನು ‘ಹೂಂ’ ಎನ್ನುತ್ತೀ, ಆಮೇಲೆ ಕರೆನ್ಸಿ ಖಾಲಿಯಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಒಪ್ಪಿಲ್ಲ. ನಿನ್ನ ಅಣ್ಣ ಜಡೆಪ್ಪ ಬಾವ ನಿನಗೆ ಫೋನು ಮಾಡಿ ‘ಗಂಗಾ ಒಪ್ಯಾಳಲೇ, ಉಡಿ ತುಂಬಿಸ್ಕೊಂಡಾಳ, ನೀ ಬಂದುಬಿಡು’ ಅಂದರಲ್ಲ, ಅದರಲ್ಲಿ ಅರ್ಧ ನಿಜ. ಉಡಿ ತುಂಬಿಸಿಕೊಂಡೆ. ಒಪ್ಪಲಿಲ್ಲ. ಬರುವ ಶನಿವಾರದೊಳಗೆ ನೀನು ಗೋವಾದ ಫುಟ್‌ಬಾಲ್ ಕ್ಲಬ್ಬಿಗೆ ಉತ್ತರ ಕೊಡಬೇಕು: ಇನ್ನೊಂದು ವರ್ಷ ಆಡುತ್ತೇನೆಂದು ಸಹಿ ಹಾಕುತ್ತೀಯೋ, ಇಲ್ಲ ಬ್ಯಾಗು ಕಟ್ಟಿಕೊಂಡು ಬಂದು ಸಂಡೂರಿನ ಗಣಿ ಮಾಲೀಕ ಅಂಜಿನಯ್ಯ ಧಣಿಯ ಟೀಮು ಸೇರುತ್ತೀಯೋ. ಅದಕ್ಕೆ ಮೊದಲು ಈ ಕಾಗದ ನಿನ್ನ ಕೈಗೆ ಸಿಗಲಿ ಎಂದು ಕೊರಿಯರಿಗೆ ಹಾಕುತ್ತಿದ್ದೇನೆ.

ನಡೆದದ್ದು ಇಷ್ಟು. ಕಳೆದ ಶುಕ್ರವಾರ ಧಣಿಯ ಹೆಂಡತಿ ದುರ್ಗಕ್ಕ ಕೂಸು ನೋಡಲು ಬಂದಳು. ನಮ್ಮ ಓಣಿಯಲ್ಲಿ ಅವಳ ಸ್ಕಾರ್ಪಿಯೋ ಕಾರು ತಿರುಗಿಸಲು ಅರ್ಧ ಓಣಿಯ ಸೈಕಲ್ಲುಗಳನ್ನು ಎತ್ತಿಡಬೇಕಾಯಿತು. ಕೂಸಿಗೆ ಬೆಳ್ಳಿ ಉಡದಾರ ತಂದಿದ್ದಳು. ‘ಬಾಣಂತಿ ಎದ್ದು ಬಂದಾಳ, ಉಡಿ ತುಂಬಬೇಕಲ್ಲವ್ವಾ’ ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಖಣ. ನಾನು ಸೆರಗು ಹಿಡಿದೆ. ಹಿಡಿಯದೆ ಏನು ಮಾಡಲಿ? ಮನೆಗೆ ಬಂದ ಮುತ್ತೈದೆ ಉಡಿ ತುಂಬುತ್ತೇನೆಂದರೆ ಯಾವ ಹೆಣ್ಣುಮಗಳು ಬೇಡ ಅನ್ನುತ್ತಾಳೆ? ಸಂಜೆ ಆ ಅಕ್ಕಿಯನ್ನು ಹುಗ್ಗಿ ಮಾಡೋಣವೆಂದು ಮೊರಕ್ಕೆ ಸುರಿದೆ. ಟಣ್ ಅಂತ ಬಿತ್ತು. ಟಿಪ್ಪರ್ ಗಾಡಿಯ ಚಾವಿ. ಅದಕ್ಕೊಂದು ಕೆಂಪು ದಾರ, ದಾರದ ತುದಿಗೆ ಪುಟ್ಟ ಪ್ಲಾಸ್ಟಿಕ್ ಫುಟ್‌ಬಾಲು.

ನಾನು ಕೂಗುವ ಮೊದಲೇ ಬಾವ ಅಡುಗೆಮನೆ ಬಾಗಿಲಲ್ಲಿ ನಗುತ್ತ ನಿಂತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು. ‘ನಿನ್ನ ಹೆಸರಿಗೇ ಮಾಡಿಸ್ಯಾರವ್ವಾ ಗಾಡಿ. ಹಾಲೇಶಿ ಬಂದು ಸಹಿ ಹಾಕಿದ್ರ ಆತು, ನಾಳಿಂದ ಲೋಡು ಹೊಡಿತೈತಿ’ ಅಂದರು. ಇದು ಬೇಡ, ವಾಪಸ್ ಕೊಟ್ಟುಬಿಡಿ ಅಂದೆ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು: ‘ಉಡಿಗೆ ಬಿದ್ದದ್ದು ಹೊರಗ ಹಾಕ್ತಾರೇನ ಹುಚ್ಚಿ! ಕೂಸಿನ ತಾಯಿ ನೀನು.’ ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಉಡಿಗೆ ಬಿದ್ದದ್ದು ಮಾತು ಕೊಟ್ಟ ಹಾಗೆ. ಧಣಿಗೂ ಅದು ಗೊತ್ತು, ಅದಕ್ಕೇ ಹೆಂಡತಿಯನ್ನು ಕಳಿಸಿದ್ದು. ನಾನು ಬಿ.ಎಸ್ಸಿ. ಓದಿದವಳು, ನನ್ನ ಸೆರಗಿನಲ್ಲಿ ನನ್ನ ಗಂಡನ ಕಾಲು ವ್ಯಾಪಾರವಾದದ್ದು ನನಗೇ ತಿಳಿಯಲಿಲ್ಲ.

ನಿನಗೆ ಫೋನು ಮಾಡಿ ಇದನ್ನೆಲ್ಲ ಹೇಳಹೊರಟರೆ ನೀನು ಏನಂದೆ? ‘ಇರ್ಲಿ ಬಿಡು ಗಂಗಾ. ನಾನೂ ಬರೋ ಯೋಚನೀಲೇ ಇದ್ದೆ. ಕೂಸಿನ ಸಲುವಾಗಿ.’ ಆ ಕೊನೆಯ ಮಾತು ನನ್ನ ಹೊಟ್ಟೆಯೊಳಗೆ ಇನ್ನೂ ಕರಗಿಲ್ಲ.

ದುಡ್ಡು ಬೇಡ ಎನ್ನುವ ಸನ್ಯಾಸಿನಿ ನಾನಲ್ಲ ಹಾಲೇಶ್. ಕೂಸು ಹುಟ್ಟಿದಾಗಿನಿಂದ ನನಗೆ ನಿದ್ದೆ ಇಲ್ಲ. ಅದು ಅತ್ತರೆ ಎಚ್ಚರ, ಅಳದಿದ್ದರೆ ಇನ್ನೂ ಎಚ್ಚರ. ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತೇನೆ. ಅದಕ್ಕೆ ಕೆಮ್ಮು ಬಂದರೆ ರಸ್ತೆಯ ಧೂಳು ಎನ್ನುತ್ತಾರೆ ಡಾಕ್ಟರು, ಕಿಟಕಿ ಮುಚ್ಚಿಡಿ ಎನ್ನುತ್ತಾರೆ. ಕಿಟಕಿ ಮುಚ್ಚಿದರೆ ಸೆಕೆಗೆ ಬೊಕ್ಕೆ ಏಳುತ್ತವೆ. ನಿನ್ನ ಕ್ಲಬ್ಬಿನ ಸಂಬಳ ಯಾವ ತಿಂಗಳದ್ದು ಯಾವ ತಿಂಗಳು ಬರುತ್ತದೋ ದೇವರಿಗೇ ಗೊತ್ತು. ಓಣಿಯಲ್ಲಿ ನೆಟ್ಟಗೆ ಶಾಲೆ ಮುಗಿಸದ ಹುಡುಗರು ಕೊರಳಲ್ಲಿ ಬೆರಳು ದಪ್ಪದ ಚೈನು ಹಾಕಿಕೊಂಡು ಮನೆಯ ಮೇಲೆ ಮನೆ ಏರಿಸುತ್ತಿದ್ದಾರೆ. ನೋಡಿದಾಗ ನನಗೂ ಒಳಗೆ ಏನೋ ಜಗ್ಗುತ್ತದೆ. ಒಂದು ಏರ್‌ಕೂಲರು, ಕೂಸಿನ ಹೆಸರಲ್ಲಿ ಒಂದಿಷ್ಟು ಇಡುಗಂಟು, ನಾನೂ ಬಯಸಿದ್ದೇನೆ. ಅದಕ್ಕೇ ಅಂಜಿನಯ್ಯ ಧಣಿ ಏನು ಕೊಳ್ಳುತ್ತಿದ್ದಾನೆ ಎಂದು ನನ್ನ ಕಣ್ಣಿನಿಂದಲೇ ನೋಡಬೇಕು ಅನ್ನಿಸಿತು.

ನಿನ್ನೆ ಭಾನುವಾರ ಬೆಳಿಗ್ಗೆ ಕೂಸನ್ನು ಎತ್ತಿಕೊಂಡು ಸಂಡೂರು ಬಸ್ಸು ಹತ್ತಿದೆ. ‘ತವರಿಗೆ, ಕಂಪ್ಲಿಗೆ ಹೋಗಿ ಬರ್ತೀನಿ’ ಎಂದು ಅತ್ತೆಗೆ ಸುಳ್ಳು ಹೇಳಿದೆ. ಆ ರಸ್ತೆ ನಿನಗೆ ಗೊತ್ತಿದ್ದದ್ದೇ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಬಸ್ಸು ಗರ್ಭಿಣಿಯ ಹಾಗೆ ತೆವಳುತ್ತಿತ್ತು. ಕೂಸಿನ ಮುಖಕ್ಕೆ ಒದ್ದೆ ಬಟ್ಟೆ ಹಿಡಿದಿದ್ದೆ. ಇಳಿಯುವ ಹೊತ್ತಿಗೆ ಅದಿರಿನ ಧೂಳಿಗೆ ಬಟ್ಟೆ ಕುಂಕುಮದಲ್ಲಿ ಅದ್ದಿದಂತಾಗಿತ್ತು.

ದುರ್ಗಕ್ಕನ ಮನೆಯ ಅಂಗಳದಲ್ಲಿ ಒಂದು ಬಿಳಿ ಕುದುರೆ ಕಟ್ಟಿದ್ದರು. ನಿಜವಾದ ಕುದುರೆ, ಹಾಲೇಶ್. ಮೇಲೆ ಫ್ಯಾನು ತಿರುಗುತ್ತಿತ್ತು. ಕೂಸು ಕಣ್ಣರಳಿಸಿ ನೋಡಿತು. ದುರ್ಗಕ್ಕ ನಗುತ್ತ ಹೊರಗೆ ಬಂದಳು: ‘ಏನ್ ನೋಡ್ತೀಯವ್ವಾ ಅದನ್ನ? ಆ ಕಡಿ ಮೈನ್ಸಿನೋರು ತಗೋತಾರಂತ ಸುದ್ದಿ ಬಂತು, ನಮ್ಮೋರು ಜಲ್ದಿ ಹೋಗಿ ಮೊದ್ಲ ತಂದ್ರು. ಹತ್ತೋರು ಯಾರದಾರ? ತಿಂತೈತಿ, ನಿಂತೈತಿ.’

ಹೆಂಗಸು ಕೆಟ್ಟವಳಲ್ಲ. ಮಜ್ಜಿಗೆ ಕೊಟ್ಟಳು, ಕೂಸಿನ ಜುಬ್ಬ ಬದಲಿಸಲು ತನ್ನ ಮಂಚ ಬಿಟ್ಟುಕೊಟ್ಟಳು. ನಾನು ಕೇಳಿದೆ, ನಮ್ಮವರು ನಿಮ್ಮ ಟೀಮಿನಲ್ಲಿ ಎಷ್ಟು ಪಂದ್ಯ ಆಡಬೇಕಾಗುತ್ತದೆ, ಎಲ್ಲೆಲ್ಲಿ, ಕೋಚು ಯಾರು ಎಂದು. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ‘ಅಯ್ಯ, ಅವ ಆಡ್ಲಿ ಬಿಡ್ಲಿ! ವರ್ಷಕ್ಕೊಂದು ಟೂರ್ನಮೆಂಟು, ಬಂದು ಬನಿಯನ್ ಹಾಕ್ಕೊಂಡು ನಿಂತ್ರಾತು. ಗೋವಾದಾಗ ಆಡಿದ ಹುಡುಗ ಆ ಕಡಿಯೋರ ಟೀಮಿಗೆ ಹೋಗಬಾರ್ದು, ನಮ್ಮ ಯಜಮಾನ್ರಿಗೆ ಅಷ್ಟ ಬೇಕಾಗಿರೋದು. ಉಳಿದ ದಿನ ಅದಿರಿನ ಸ್ಟಾಕ್‌ಯಾರ್ಡಿನಾಗ ಕುಂತು ಗಾಡಿ ಎಣಿಸ್ತಾನ. ಮಸ್ತ್ ಕೆಲಸ, ನೆಳ್ಳಾಗ ಕುಂದ್ರೋದು.’

ನಾನು ಹೊರಗಿನ ಕುದುರೆಯ ಕಡೆ ನೋಡಿದೆ. ಮನೆಯಿಂದ ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ: ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ನನ್ನ ಸೀಮಂತದಲ್ಲಿ ಬಂದ ಒಂದು ಒಳ್ಳೆಯ ಖಣ. ‘ಅಕ್ಕಾರ, ನಮ್ಮ ಮನಿಗೆ ಬಂದು ನನಗ ಉಡಿ ತುಂಬಿದ್ರಿ. ನಾ ಬರಿಗೈಲೆ ಬಂದ್ರ ಹೆಂಗ್ರಿ? ಕುಂದರ್ರಿ, ನಿಮಗೂ ತುಂಬ್ತೀನಿ’ ಅಂದೆ. ಖುಷಿಯಿಂದ ಕೂತಳು. ಮನೆಗೆಲಸದ ಹೆಂಗಸರೆಲ್ಲ ಬಂದು ಸುತ್ತ ನಿಂತರು. ಕುಂಕುಮ ಹಚ್ಚಿದೆ, ಹೂ ಮುಡಿಸಿದೆ, ಸೆರಗಿಗೆ ಅಕ್ಕಿ ಹಾಕಿದೆ, ಅಕ್ಕಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಆ ಚಾವಿ ಇಟ್ಟೆ.

ದುರ್ಗಕ್ಕ ಸೆರಗು ಹಿಡಿದೇ ಇದ್ದಳು, ಬಿಡುವಂತಿಲ್ಲವಲ್ಲ. ‘ಏನವ್ವಾ ಇದು? ಯಜಮಾನ್ರಿಗೆ ನಾ ಏನಂತ ಹೇಳ್ಲಿ?’ ಅಂದಳು. ‘ಉಡಿಗೆ ಬಿದ್ದದ್ದು ಹೊರಗ ಹಾಕಬಾರ್ದಂತ್ರಿ, ನಮ್ಮತ್ತಿ ಹೇಳ್ಯಾರ. ಹಂಗಂತ ಹೇಳ್ರಿ’ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಫಕ್ಕನೆ ನಕ್ಕುಬಿಟ್ಟಳು. ‘ಭಾಳ ಓದೀಯವ್ವಾ ನೀನು! ಗಂಡ ಬಡವಾಗ್ತಾನ ನೋಡು’ ಅಂದಳು. ಆದರೂ ಬಸ್‌ಸ್ಟ್ಯಾಂಡಿನ ತನಕ ಕಾರು ಕಳಿಸಿದಳು.

ಬಂದು ನಿಜ ಹೇಳಿದ ಮೇಲೆ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಬಾವನಿಗೆ ನಿನ್ನ ಮೇಲೆ ಪ್ರೀತಿ ಇಲ್ಲ ಅನ್ನಲಾರೆ. ಅವರ ಮಾತಿನಲ್ಲೂ ಹುರುಳಿದೆ: ‘ಗುಡ್ಡ ಇನ್ನೂ ನೂರು ವರ್ಷ ಮುಗಿಯಲ್ಲವ್ವಾ, ಇವನ ಕಾಲು ಇನ್ನ ನಾಕು ವರ್ಷ. ಯಾವುದನ್ನ ನಂಬಬೇಕು?’ ನಾನು ಅಂದೆ, ‘ಹಂಗಾದ್ರ ನಾಕು ವರ್ಷದ್ದು ಮೊದಲು ಮುಗೀಲಿ ಬಾವಾ. ಗುಡ್ಡ ಇಲ್ಲೇ ಇರ್ತೈತಲ್ಲ, ಆಮೇಲೆ ಬಂದು ಅಗೀತಾರ.’ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಇವತ್ತು ಬೆಳಿಗ್ಗೆಯೂ ನನ್ನ ಕೈಯ ಚಹಾ ಮುಟ್ಟಲಿಲ್ಲ. ಇರಲಿ.

ಈಗ ನಿನ್ನ ಸರದಿ.

ನೀನು ದುಡ್ಡಿಗಾಗಿ ಬರುತ್ತಿದ್ದೀ ಎಂದು ಇವರೆಲ್ಲ ನಂಬಿದ್ದಾರೆ. ನಾನು ನಂಬಿಲ್ಲ. ದುಡ್ಡಿಗೆ ಆಸೆಪಡುವವನಾಗಿದ್ದರೆ ದೋಣಿಮಲೈ ಗ್ರೌಂಡಿನಲ್ಲಿ ಆಡುತ್ತಿದ್ದಾಗಲೇ ನಿನ್ನ ಅಪ್ಪ ದುಡಿಯುತ್ತಿದ್ದ ಗಣಿ ಕಂಪನಿಯಲ್ಲಿ ಕ್ರೀಡಾ ಕೋಟಾದ ನೌಕರಿ ಹಿಡಿಯುತ್ತಿದ್ದೆ. ಕ್ವಾರ್ಟರ್ಸು, ಪಿಂಚಣಿ ಎಲ್ಲ ಇತ್ತು. ಅದನ್ನು ಬಿಟ್ಟು, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಎಂಟು ಹುಡುಗರ ಜೊತೆ ಒಂದೇ ರೂಮಿನಲ್ಲಿ ಮಲಗಲು ಗೋವಾಕ್ಕೆ ಹೋದೆ. ಆಗ ನಿನ್ನನ್ನು ಎಲ್ಲರೂ ಹುಚ್ಚ ಅಂದರು. ನಾನು ಆ ಹುಚ್ಚನನ್ನೇ ಮದುವೆಯಾದದ್ದು.

ಕಂಪ್ಲಿಗೆ ಕೂಸಿನ ತೊಟ್ಟಿಲಿಗೆ ಬಂದಿದ್ದೆಯಲ್ಲ, ಆಗ ನಿನ್ನನ್ನು ಗಮನಿಸಿದೆ. ಟಿ.ವಿ.ಯಲ್ಲಿ ಫುಟ್‌ಬಾಲು ಬಂದರೆ ಚಾನೆಲ್ ಬದಲಿಸಿದೆ. ನನ್ನ ತಮ್ಮ ಚೆಂಡು ತಂದು ಕರೆದರೆ ಮೊಣಕಾಲು ನೋವು ಅಂದೆ. ಆಮೇಲೆ ಅದೇ ಮೊಣಕಾಲಲ್ಲಿ ಎರಡೆರಡು ಮೆಟ್ಟಿಲು ಹಾರಿ ಮಾಳಿಗೆ ಹತ್ತಿದೆ. ಅದಕ್ಕೆ ಮೊದಲೇ ಪೇಪರಿನಲ್ಲಿ ಪಂದ್ಯದ ಸುದ್ದಿಯಲ್ಲಿ ನಿನ್ನ ಹೆಸರು ಬರುವುದು ನಿಂತಿತ್ತು. ನಿನ್ನ ಜಾಗದಲ್ಲಿ ಮಣಿಪುರದ ಒಬ್ಬ ಎಳೆಯ ಹುಡುಗ ಆಡುತ್ತಿದ್ದಾನೆ, ನೀನು ಬೆಂಚಿನ ಮೇಲೆ ಕೂತಿದ್ದೀ. ನಿನ್ನ ಬ್ಯಾಗಿನಲ್ಲಿ ನನ್ನ ಕಣ್ಣಿಗೆ ಬಿದ್ದ ಬರುವ ವರ್ಷದ ಕರಾರಿನಲ್ಲೂ ಸಂಬಳ ಕಡಿಮೆ, ಆಡಿಸುತ್ತಾರೆಂಬ ಖಾತ್ರಿಯಂತೂ ಇಲ್ಲ. ಇದನ್ನು ನೀನು ನನಗೆ ಹೇಳಲಿಲ್ಲ. ಹೇಳಿದ್ದರೆ ಸಣ್ಣವನಾಗುತ್ತಿರಲಿಲ್ಲ.

ಹೆದರಿದ್ದೀ, ಹಾಲೇಶ್. ಧಣಿಯ ಟಿಪ್ಪರು ಬಂದದ್ದು ನಿನಗೆ ಅನುಕೂಲವಾಯಿತು. ಜಾಗ ಕಳೆದುಕೊಂಡು ಬಂದ ಎಂದು ಯಾರೂ ಅನ್ನುವುದಿಲ್ಲ, ಹೆಂಡತಿ ಮಕ್ಕಳಿಗಾಗಿ ತ್ಯಾಗ ಮಾಡಿ ಬಂದ ಅನ್ನುತ್ತಾರೆ. ಊರೆಲ್ಲ ನಿನ್ನ ಬೆನ್ನು ತಟ್ಟುತ್ತದೆ. ಇನ್ನು ಹತ್ತು ವರ್ಷಕ್ಕೆ ಸ್ಟಾಕ್‌ಯಾರ್ಡಿನ ನೆರಳಲ್ಲಿ ಕೂತು ನೀನು ನಿನ್ನ ಮಗಳ ಕಡೆ ನೋಡಿ ಮನಸ್ಸಿನಲ್ಲೇ ಅಂದುಕೊಳ್ಳುತ್ತೀ: ಇವಳಿಲ್ಲದಿದ್ದರೆ ನಾನು ಆಡುತ್ತಿದ್ದೆ. ಆ ನೋಟ ನನ್ನ ಮಗಳ ಮೇಲೆ ಬೀಳಕೂಡದು. ನನಗೆ ನಿದ್ದೆ ಬಾರದಿರುವುದು ಅದಕ್ಕೆ.

ಮದುವೆಯಾದ ಹೊಸದರಲ್ಲಿ ಹಂಪಿಯಲ್ಲಿ ಕಲ್ಲಮಂಟಪದ ನೆರಳಿಗೆ ಕೂತು ನೀನೇ ಅಂದಿದ್ದೆ: ‘ಚೆಂಡು ಕಾಲಾಗ ಇದ್ದಾಗ ನಾನು ಹಾಲೇಶಿ, ಇಲ್ಲದಾಗ ಜಡೆಪ್ಪನ ತಮ್ಮ.’ ನಾನು ನಕ್ಕಿದ್ದೆ. ಈಗ ನಗುವುದಿಲ್ಲ.

ದುಡ್ಡಿನ ದಾರಿ ನಾನು ನೋಡಿಕೊಂಡಿದ್ದೇನೆ. ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಜೂನ್‌ನಿಂದ ವಿಜ್ಞಾನದ ಟೀಚರ್ ಆಗಿ ಸೇರುತ್ತಿದ್ದೇನೆ. ಸಂಬಳ ಹೇಳಿದರೆ ನಿನ್ನ ಅಣ್ಣ ನಗುತ್ತಾರೆ, ಆದರೆ ತಿಂಗಳ ಮೊದಲ ವಾರ ತಪ್ಪದೆ ಬರುತ್ತದಂತೆ. ಅತ್ತೆಗೆ ಹೇಳಿದಾಗ ‘ಚಲೋ ಆತು! ಗಂಡ ಚೆಂಡು ಒದಿಯಾಕ, ಹೆಂಡ್ತಿ ಪಾಠ ಹೇಳಾಕ, ಮೂತ್ರದ ಬಟ್ಟಿ ಒಗಿಯಾಕ ಈ ಮುದುಕಿ ಕೊಟ್ರಮ್ಮ’ ಅಂದರು. ಅಂದು, ಕೂಸನ್ನು ನನ್ನ ಕೈಯಿಂದ ಕಸಿದುಕೊಂಡು ಎಣ್ಣೆ ಹಚ್ಚಲು ಕೂತರು. ಅದು ಅವರ ಒಪ್ಪಿಗೆ ಎಂದು ನಾನು ತಿಳಿದಿದ್ದೇನೆ.

ಸಹಿ ಹಾಕು. ಒಂದು ವರ್ಷ ಆ ಮಣಿಪುರದ ಹುಡುಗನ ಜೊತೆ ಜಾಗಕ್ಕಾಗಿ ಬಡಿದಾಡು. ಗೆದ್ದರೆ ಆಡುತ್ತೀ. ಸೋತರೆ ಸೋತು ಬಾ, ಅದಕ್ಕೊಂದು ಮರ್ಯಾದೆ ಇದೆ.

ಇಷ್ಟೆಲ್ಲ ಓದಿಯೂ ಈಗಲೇ ಬರುತ್ತೇನೆ ಎಂದರೆ ತಡೆಯುವುದಿಲ್ಲ, ಮನೆ ನಿನ್ನದು. ಆದರೆ ಬಾಗಿಲಲ್ಲಿ ನಿಂತು, ಅಮ್ಮನ ಮುಂದೆ, ಅಣ್ಣನ ಮುಂದೆ, ‘ನನಗೆ ಹೆದರಿಕೆ ಆತು, ಬಂದೆ’ ಅನ್ನು. ಅಷ್ಟು ಅಂದರೆ ನಾನು ನಿನ್ನ ಪಕ್ಕಕ್ಕೆ ನಿಲ್ಲುತ್ತೇನೆ. ನಿನ್ನ ಮೇಲೆ ಒಬ್ಬರಿಗೂ ಒಂದು ಮಾತು ಆಡಗೊಡುವುದಿಲ್ಲ. ‘ಕೂಸಿನ ಸಲುವಾಗಿ’ ಅಂದೆಯೋ, ಕೂಸನ್ನು ನಿನ್ನ ಕೈಗೆ ಕೊಡುವುದಿಲ್ಲ. ಅದಿನ್ನೂ ಮಗ್ಗುಲು ಹೊರಳುವುದನ್ನು ಕಲಿಯುತ್ತಿದೆ. ನಿನ್ನ ಭಾರ ಹೊರುವ ವಯಸ್ಸಲ್ಲ ಅದರದು.

ಬಿಸಿಲಿದೆ, ನೀರು ಹೆಚ್ಚು ಕುಡಿ. ಮೊಣಕಾಲು ಗಟ್ಟಿಯಾಗಿರಲಿ. ಬೆಂಚಿನ ಮೇಲೆ ಕೂತಾಗಲೂ ನಿನ್ನ ಬೂಟಿನ ಲೇಸು ಬಿಗಿಯಾಗಿಯೇ ಇರಲಿ.

ಜಗಳ ಬಿಡದ, ಕೈಯನ್ನೂ ಬಿಡದ,
ನಿನ್ನ ಗಂಗಾಂಬಿಕಾ