ಬೆಳಕನ್ನು ಉಣ್ಣುವ ಹುಳುಗಳು

ಸಾದಲಿ
21-11-2004, ಭಾನುವಾರ

ಪ್ರೀತಿಯ ಸಂಘಮಿತ್ರಕ್ಕನಿಗೆ ತಂಗಿ ಜ್ಯೋತಿಯ ಜೈಭೀಮ್.

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈದರೂ ಸರಿಯೇ, ಇಲ್ಲಿ ನನ್ನನ್ನು ಬೈಯುವವರೂ ಇಲ್ಲ. ಶಾಲೆ ಬಿಟ್ಟು ಬಂದು ಕೋಣೆಯ ಬೀಗ ತೆಗೆದರೆ ಸದ್ದು ಮಾಡುವುದು ಸೀಮೆಎಣ್ಣೆ ಸ್ಟೌವ್ ಒಂದೇ. ಕುಡುಮಲಕುಂಟೆಯಲ್ಲಿ ಭಾವನಿಗೆ ಈಗಲೂ ರಾತ್ರಿ ಪಾಳಿಯೇ? ಬರೆ.

ಅಕ್ಕಪಕ್ಕದವರು ಜಾತಿ ಕೇಳಿದರಾ ಎಂದು ನೀನು ಬರೆದಿದ್ದೆ. ಯಾರೂ ಕೇಳಲಿಲ್ಲ. ಎದುರು ಮನೆಯ ವರಲಕ್ಷ್ಮಮ್ಮನವರು ರೇಷ್ಮೆ ಹುಳ ಸಾಕುತ್ತಾರೆ. ಕಂಡಾಗಲೆಲ್ಲ "ಊಟ ಆಯ್ತೇನಮ್ಮ?" ಎನ್ನುತ್ತಾರೆ. ಹುಳದ ಮನೆ ನೋಡಬಹುದೇ ಎಂದು ಒಂದು ಸಲ ಕೇಳಿದೆ. "ಹೊರಗಿನವ್ರು ಬಂದ್ರೆ ಹುಳಕ್ಕೆ ರೋಗ ತಗಲ್ತದೆ ಕಣಮ್ಮ, ತಪ್ಪು ತಿಳ್ಕೋಬೇಡ" ಎಂದರು. ಸರಿಯಾದ ಮಾತೇ. ವಿಜ್ಞಾನ ಹೇಳಿಕೊಡುವ ನಾನೇ ಮೆಚ್ಚಿಕೊಂಡೆ. ಆದರೂ ಆಸೆ ಹೋಗಲಿಲ್ಲ. ನಿಜ ಹೇಳಲೇ? ಹುಳು ಒಂದು ನೆಪ. ಯಾರದಾದರೂ ಮನೆಯೊಳಗೆ ಒಂದು ಗಳಿಗೆ ನಿಂತು ಬರಬೇಕು ಅನ್ನಿಸುತ್ತಿತ್ತು.

ಈ ವಾರ ದ್ಯುತಿಸಂಶ್ಲೇಷಣೆಯ ಪಾಠ. ಕುಂಡದ ಹಿಪ್ಪುನೇರಳೆ ಗಿಡವನ್ನು ಮೊದಲು ಕತ್ತಲಲ್ಲಿಟ್ಟು, ಆಮೇಲೆ ಒಂದು ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲಿಗಿಟ್ಟೆವು. ಎಲೆಯನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ ಅಯೋಡಿನ್ ಹಾಕಿದರೆ, ಬಿಸಿಲುಂಡ ಅರ್ಧ ಕಪ್ಪುನೀಲಿಯಾಯಿತು, ಮುಚ್ಚಿದ ಅರ್ಧ ಹಳದಿಯಾಗೇ ಉಳಿಯಿತು. ಎಲೆ ಕೆಂಪು, ನೀಲಿ ಬೆಳಕನ್ನು ಹಿಡಿದುಕೊಂಡು, ಆ ಶಕ್ತಿಯಿಂದ ನೀರು ಗಾಳಿ ಸೇರಿಸಿ ಸಕ್ಕರೆ ಮಾಡುತ್ತದೆ, ಹಸಿರನ್ನು ಹೆಚ್ಚುಕಡಿಮೆ ವಾಪಸು ಕಳಿಸುತ್ತದೆ ಎಂದೆ. "ಹಂಗಾದ್ರೆ ನಮ್ಗೆ ಕಾಣೋದು ಎಲೆಗೆ ಬೇಡ್ದಿದ್ದ ಬಣ್ಣಾನಾ ಮಿಸ್?" ಎಂದ ವೆಂಕಟೇಶ್. ಎಂಥ ಜಾಣ ನೋಡು!

ಆ ಎಲೆಯನ್ನೇ ಹುಳ ತಿಂದು ನೂಲು ಬಿಡುವುದು, ನಿಮ್ಮಮ್ಮಂದಿರು ಮದುವೆಗೆ ಉಡುವುದು ಬಿಸಿಲನ್ನೇ ಎಂದುಬಿಟ್ಟೆ. ತಗೋ, ಹುಳ ತೋರಿಸಿ ಎಂದು ತರಗತಿಯೆಲ್ಲ ದುಂಬಾಲು ಬಿತ್ತು. ವರಲಕ್ಷ್ಮಮ್ಮನವರು "ಮಕ್ಳು ತಾನೆ, ಕಾಲು ತೊಳ್ಕೊಂಡು ಬರ್ಲಿ" ಎಂದು ಒಪ್ಪಿದರು. ನೀನು ಕೊಟ್ಟ ನೀಲಿ ಸೀರೆ ಉಟ್ಟು ಹೊರಟೆ. ನಿನ್ನೆ ಹೋಗಿ ಬಂದೆವು. ಮಕ್ಕಳಿಗೆ ಹಿಡಿಸಲಾರದಷ್ಟು ಖುಷಿ.

ಭಾವನಿಗೆ ನಮಸ್ಕಾರ, ಮಗುವಿಗೆ ಚಿಕ್ಕಮ್ಮನ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ
ಜ್ಯೋತಿಲಕ್ಷ್ಮಿ

ತಾ.ಕ.: ಹೋಗಿ ಬಂದೆವು ಎಂದು ಬರೆದೆನಲ್ಲ, ನಾನು ಒಳಗೆ ಹೋಗಲಿಲ್ಲ. ಹೋದ ವಾರವಷ್ಟೇ ಚಿಂತಾಮಣಿಯಿಂದ ನಮ್ಮ ಶಾಲೆಗೆ ಬಂದ ಭಾನುಪ್ರಿಯಾ ಟೀಚರನ್ನು ವರಲಕ್ಷ್ಮಮ್ಮನವರು ಕೈಹಿಡಿದು ಒಳಗೆ ಕರೆದುಕೊಂಡರು. ಕಾಲು ತೊಳೆದು ನಿಂತಿದ್ದ ನನಗೆ, "ನೀನು ಇಲ್ಲೇ ಇರಮ್ಮ" ಎಂದರು. ಇಲ್ಲಿನ ನಮ್ಮ ಕೇರಿಯ ಮಕ್ಕಳು ನಿನ್ನೆ ಶಾಲೆಗೇ ಬಂದಿರಲಿಲ್ಲ, ಏಕೆಂದು ಆಗ ತಿಳಿಯಿತು. ವರಲಕ್ಷ್ಮಮ್ಮನವರ ಹುಳಕ್ಕೆ ದಿನವೂ ಸೊಪ್ಪು ಕೊಯ್ದು ತರುವ ಚಿಕ್ಕವೆಂಕಟಮ್ಮ, ನಮ್ಮವಳೇ, ಜಗಲಿಯ ಕೆಳಗೆ ಕೂತಿದ್ದಳು. "ಇಷ್ಟು ವರ್ಷಕ್ಕೆ ನಾನೂ ಒಂದ್ಸಲಾನೂ ಹುಳ ನೋಡಿಲ್ಲ ಕಣಮ್ಮ. ಬಾ, ಕೂತ್ಕೋ" ಎಂದು ಸರಿದು ಜಾಗ ಮಾಡಿಕೊಟ್ಟಳು. ಒಳಗಿಂದ ಮಕ್ಕಳು "ಮಿಸ್, ಬನ್ನಿ!" ಎಂದು ಕೂಗುತ್ತಿದ್ದರು. ಅಕ್ಕ, ಯಾಕೆ ಅಂತ ಒಂದು ಮಾತೂ ಕೇಳದೆ ನಾನು ಹೋಗಿ ಅವಳ ಪಕ್ಕ ಕೂತುಬಿಟ್ಟೆ.