ಅನ್ನಮ್ಮನವರ ಸುಕ್ಕು

ಮಾರ್ಚ್ ೧೪, ಶುಕ್ರವಾರ

ಮಲಗಿದರೂ ಮೈ ಉರಿಯುತ್ತಿದೆ. ಪುಟ್ಟ ಹುಡುಗಿಯಾಗಿದ್ದ ಮಾತೆ ಮರಿಯಳನ್ನೂ ಅವಳಿಗೆ ಓದು ಕಲಿಸುವ ತಾಯಿ ಸಂತ ಅನ್ನಮ್ಮನವರನ್ನೂ ಕಂಪ್ಯೂಟರಿನಲ್ಲಿ ಮೂರು ವಾರ ಕೂತು ಕೆತ್ತಿದ್ದೆ. ಅನ್ನಮ್ಮನವರ ಮುಖದ ಒಂದೊಂದು ಸುಕ್ಕೂ ನಮ್ಮಜ್ಜಿಯದು. ಭಕ್ತರಿಗೆ ಮೇಣದ ಬೊಂಬೆ ಎರೆದು ಮಾರುವ ಅಂಗಡಿಯವಳಿಗೆ ಅಚ್ಚಿಗೆಂದು ಕಳಿಸಿದರೆ, ಅವಳು ಒಂದೇ ಗುಂಡಿ ಒತ್ತಿ ಸುಕ್ಕುಗಳನ್ನೆಲ್ಲ ಅಳಿಸಿದ್ದಾಳೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಫೋನಿನಲ್ಲಿ ಕೇಳಿದರೆ, "ನುಣ್ಣಗಿದ್ರೆ ಅಚ್ಚಿಂದ ಸಲೀಸಾಗಿ ಬಿಡುತ್ತೆ ಕಣ್ರೀ. ಮುದುಕಿ ಮುಖ ಯಾರಿಗೆ ಬೇಕು?" ಅಂತೆ. ಇವಳಿಗೇನು ವಯಸ್ಸೇ ಆಗುವುದಿಲ್ಲವೇ?

ಅವಳು ತಿದ್ದಿ ಕಳಿಸಿದ್ದನ್ನು ಊಟವಾದ ಮೇಲೆ ಅಜ್ಜಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕ ತಂಗಿ ಲಕ್ಷಣವಾಗಿದ್ದಾರೆ ಕಣೇ," ಅಂದಳು. "ಇವರಮ್ಮ ಎಲ್ಲಿ?"