ಬಸಳೆ ಹಂದರದ ನಾಲ್ಕು ಬೆಣೆ

ಒಂಟಿಕೊಪ್ಪಲು, ಮೈಸೂರು
8-12-1959

ಭದ್ರಾವತಿವಾಸಿಗಳೂ ನನಗಿರುವ ಒಬ್ಬನೇ ಅಣ್ಣನೂ ಆದ ಬಸವರಾಜು ಅವರ ಪಾದಗಳಿಗೆ ಸುಂದರೇಶನ ಸಪ್ತಾಂಗ ನಮಸ್ಕಾರ. ಎಂಟನೆಯ ಅಂಗವಾದ ಎಡಗೈ ಸುತ್ತಿಗೆ ಏಟು ತಿಂದು ರಜೆಯಲ್ಲಿದೆ.

ಅಣ್ಣಾ, ಆರೋಗ್ಯ ಹೇಗಿದೆ? ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಇವೆಲ್ಲ ಅವ್ವ ನನ್ನಿಂದ ಬರೆಸುತ್ತಿದ್ದ ಪ್ರಶ್ನೆಗಳು. ಅವಳು ಹೋಗಿ ಇವತ್ತಿಗೆ ಇಪ್ಪತ್ತಾರು ದಿನ, ಕೈಗೆ ಇನ್ನೂ ರೂಢಿ ತಪ್ಪಿಲ್ಲ. ನಾವು ಚೆನ್ನಾಗಿದ್ದೇವೆ. ಅಪ್ಪ ಉಣ್ಣುತ್ತಾರೆ, ಮಲಗುತ್ತಾರೆ. ನಾನೂ ಅಷ್ಟೇ. ಮೊನ್ನೆ ಹೆಬ್ಬೆರಳಿಗೆ ಏಟು ಬಿದ್ದದ್ದು ರಕ್ತ ನೋಡಿದ ಮೇಲೆಯೇ ಗೊತ್ತಾಯಿತು. ಪಕ್ಕದ ಮನೆ ಮಹದೇವಮ್ಮನವರು 'ಅಯ್ಯೋ, ಉರೀತಿಲ್ವೇನೋ?' ಎಂದರು. 'ವಿಚಾರಿಸಿ ತಿಳಿಸ್ತೀನಿ ಕಣಮ್ಮ' ಎಂದೆ. ಅವರು ನಗಲಿಲ್ಲ.

ಈಗ ನಮ್ಮ ಚರಾಸ್ತಿಯ ವರದಿ. ಅಂಗಳದ ಬಸಳೆ ಹಂದರ ಎದ್ದದ್ದು ನೀನು ಮನೆ ಬಿಟ್ಟ ಮೇಲೆ, ಹಾಗಾಗಿ ಅದರ ಜನ್ಮವೃತ್ತಾಂತ ನಿನಗೆ ತಿಳಿಯದು. 'ಆ ಹುಡುಗೀನ ಕಟ್ಕೊಳ್ಳೋದಾದ್ರೆ ಈ ಮನೆ ಮುಂದೆ ಮದ್ವೆ ಚಪ್ಪರ ಏಳಲ್ಲ' ಎಂದು ಅಪ್ಪ ಕೂಗಿದರಲ್ಲ, ನೀನು ಟ್ರಂಕು ಎತ್ತಿಕೊಂಡೆಯಲ್ಲ, ಅದಾದ ವಾರಕ್ಕೇ ಅವ್ವ ನನ್ನನ್ನು ಬಿದಿರು ತರಲು ಬಂಬೂ ಬಜಾರಿಗೆ ಅಟ್ಟಿದಳು. ಗೂಟ ಹೂತು, ಹಗ್ಗ ಬಿಗಿದು, ಆನೆ ಒರಗಿದರೂ ಅಲ್ಲಾಡದ ಹಂದರ ಕಟ್ಟಿ ಒಪ್ಪಿಸಿದೆ. ಅವಳು ಸೊಂಟಕ್ಕೆ ಕೈಯಿಟ್ಟು ನೋಡಿ, 'ಗಟ್ಟಿ ಇದ್ರೆ ಸಾಲ್ದು, ಬೇಕಾದಾಗ ಎತ್ತಿಡೋ ಹಂಗಿರ್ಬೇಕು. ಬಿಚ್ಬುಡು' ಎಂದಳು. ಮತ್ತೆ ಮಾಡಿದೆ. ನೆಲದಲ್ಲಿ ನಾಲ್ಕು ಕಬ್ಬಿಣದ ಕೊಳವೆ, ಅವುಗಳೊಳಗೆ ಬಿದಿರಿನ ಕಾಲು, ಸಂದಿಗೆ ಒಂದೊಂದು ಮರದ ಬೆಣೆ. ಬಳ್ಳಿಯ ಬೇರು ಸೀಮೆಎಣ್ಣೆ ಡಬ್ಬದಲ್ಲಿ. ಬೆಣೆ ತಟ್ಟಿ ತೆಗೆದು ಇಬ್ಬರು ಎರಡು ತುದಿ ಹಿಡಿದರೆ ಬಳ್ಳಿ ಸಮೇತ ಎದ್ದು ಬರುತ್ತದೆ. ಯಾಕವ್ವ ಇಷ್ಟೆಲ್ಲ ಎಂದರೆ 'ಜಾಗ ಬೇಕಾಗ್ತದೆ ಕಣೋ' ಎಂದಳು. ಯಾವುದಕ್ಕೆ ಎನ್ನಲಿಲ್ಲ.

ಜಾಗ ಮೊದಲು ಬೇಕಾದದ್ದು ಅವಳನ್ನು ಮಲಗಿಸಲು. ಅವತ್ತು ಹಂದರದ ಒಂದು ತುದಿ ನೀನು, ಒಂದು ತುದಿ ನಾನು. ಎಷ್ಟು ಸಲೀಸಾಗಿ ಬಂತಲ್ಲ ಎಂದು ಆಗ ನನಗೆ ಹೆಮ್ಮೆಯಾಯಿತು ಕಣಣ್ಣ. ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ತಿಥಿ ಮುಗಿಸಿ, ಅಪ್ಪನ ಹತ್ತಿರ ಒಂದು ಮಾತೂ ಆಡದೆ ನೀನು ಹೊರಟ ಮೇಲೆ ಹಂದರ ಗೋಡೆಗೆ ಒರಗಿಯೇ ಇತ್ತು. ಬಳ್ಳಿ ಚಪ್ಪಡಿಯ ಮೇಲೆ ಹರಿದು ಹಣ್ಣು ಬಿಟ್ಟಿದೆ. ಈ ಪತ್ರದ ನೇರಳೆ ಶಾಯಿ ಅದರದೇ.

ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಹುಷಾರಾಗಿರು. ಪ್ರೇಮಲೀಲಾ ಅವರಿಗೆ ನನ್ನ ನಮಸ್ಕಾರ ತಿಳಿಸು. ಮದುವೆಗೆ ಮುಂಚೆಯೇ ಅತ್ತಿಗೆ ಎನ್ನಲು ಮೇಲಿನಿಂದ, ಅಂದರೆ ಅಪ್ಪನ ಜಗುಲಿಯಿಂದ, ಅಪ್ಪಣೆ ಬಂದಿಲ್ಲ.

ನಿನ್ನ ತಮ್ಮ,
ಸುಂದರೇಶ
(ಮುಖ್ಯಾಧಿಕಾರಿ, ಹಂದರ ಇಲಾಖೆ)

ವಿ.ಸೂ: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಹಂದರ ಕೂರಿಸಲು, ಮೊನ್ನೆ ಬೆರಳು ಜಜ್ಜಿಕೊಂಡಂತೆಯೇ, ಮತ್ತೆ ಒಬ್ಬನೇ ಒದ್ದಾಡುತ್ತಿದ್ದೆ. ಅಪ್ಪ ಜಗುಲಿಯಿಂದಲೇ 'ಇದನ್ಯಾಕೆ ಹಿಂಗೆ ಕಳಚೋ ಹಂಗೆ ಮಾಡ್ಸಿದ್ಲು?' ಎಂದರು. ಅವ್ವ ಹೇಳದೆ ಹೋದದ್ದನ್ನು ನಾನೇ ಹೇಳಿಬಿಟ್ಟೆ: 'ಅಣ್ಣನ ಚಪ್ಪರಕ್ಕೆ ಜಾಗ ಬೇಕಲ್ಲಪ್ಪ.' ಅವರು ಬೈಯಲಿಲ್ಲ. ಇಳಿದು ಬಂದು ಇನ್ನೊಂದು ತುದಿ ಹಿಡಿದರು. ಬೆಣೆಗೆ ನಾನು ಸುತ್ತಿಗೆ ಎತ್ತಿದಾಗ ಮಾತ್ರ, 'ಬಿಗಿಯಾಗಿ ಹೊಡೀಬೇಡ ಕಣೋ, ತೆಗೀಬೇಕಾಗ್ತದೆ' ಎಂದರು.